ಗಿಡದ ತೂಕ ಎಲ್ಲಿಂದ ಬಂದಿತು?



ತುಮಕೂರಿನ ಸಮೀಪದ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಆಹಾರ ಪಾರ್ಕೊಂದು ಉದ್ಘಾಟನೆಗೊಂಡಿತು. ಧಾನ್ಯ ಫಲಗಳನ್ನು ಸಂಸ್ಕರಿಸುವುದಕ್ಕಾಗಿ ಏರ್ಪಟ್ಟ ಸ್ಥಳವದು. ಆದರೆ ಆ ಆಹಾರವು ಮೊದಲು ಸಿದ್ಧವಾದುದು ಎಲ್ಲಿ? ಶಾಲೆಯ ಮಕ್ಕಳನ್ನು ಕೇಳಿ ನೋಡಿರಿ. ‘ಎಲೆಯಲ್ಲಿ, ದ್ಯುತಿಸಂಶ್ಲೇಷಣೆಯಿಂದ’ ಎಂದು ಪಾಠ ಒಪ್ಪಿಸುವರು. ತೆಂಗಿನ ಮರಕ್ಕೆ ಅಷ್ಟು ತೂಕ ಎಲ್ಲಿಂದ ಬಂದಿತೆಂದು ಮತ್ತೆ ಕೇಳಿದರೆ, ‘ಮಣ್ಣಿನಿಂದ, ಗೊಬ್ಬರದಿಂದ’ ಎನ್ನುವವರು ಅನೇಕರು.

ಈ ಭಾವನೆ ಮಕ್ಕಳದು ಮಾತ್ರವಲ್ಲ; ಪ್ರಾಚೀನ ಗ್ರೀಸಿನ ಅರಿಸ್ಟಾಟಲನೂ ಸಸ್ಯಗಳು ಮಣ್ಣಿನಿಂದಲೇ ಆಹಾರ ಪಡೆಯುವುವೆಂದು ತಿಳಿದಿದ್ದನು. ಬ್ರಸೆಲ್ಸಿನ ವಾನ್ ಹೆಲ್ಮಾಂಟನು 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು, 5 ವರ್ಷ ನೀರೆರೆದನು. ಮರವು 169 ಪೌಂಡಾಯಿತು. ಮಣ್ಣು ಕಳೆದುಕೊಂಡುದು ಸುಮಾರು 2 ಔನ್ಸು ಮಾತ್ರ. ಆತನ ಮರಣಾನಂತರ 1648ರಲ್ಲಿ ಈ ವೃತ್ತಾಂತ ಪ್ರಕಟವಾಯಿತು. ಮರವೆಲ್ಲವೂ ನೀರಿನಿಂದಲೇ ಆಯಿತೆಂಬುದು ಆತನ ನಿರ್ಣಯ; ಗಾಳಿಯನ್ನು ಆತನು ಲೆಕ್ಕಕ್ಕೆ ಹಿಡಿಯಲಿಲ್ಲ. 1771ರಲ್ಲಿ ಪ್ರೀಸ್ಟ್ಲಿಯು, ಉರಿದ ಮೇಣದ ಬತ್ತಿಯು ಕೆಡಿಸಿದ ಗಾಳಿಯನ್ನು ಪುದೀನದ ಗಿಡವು ಸರಿಪಡಿಸುವುದನ್ನು ಕಂಡನು. ಇದಕ್ಕೆ ಬಿಸಿಲೂ ಗಿಡದ ಹಸಿರು ಭಾಗವೂ ಬೇಕೆಂದು 1779ರಲ್ಲಿ ಇಂಗೆನ್‌ಹೌಸನು ತೋರಿಸಿದನು. ಸಸ್ಯದ ಇಂಗಾಲವು ಗಾಳಿಯದೆಂದೂ, ಅದರ ತೂಕದಲ್ಲಿ ನೀರಿಗೂ ಪಾಲುಂಟೆಂದೂ 1804ರಲ್ಲಿ ಡಿ ಸೋಸ್ಯೂರನು ಅಳೆದು ಸ್ಥಾಪಿಸಿದನು.

ವಿದ್ವಾಂಸರಿಗೆ ಒಂದೂವರೆ ಶತಮಾನ ಹಿಡಿದುದನ್ನು ನಾವು ಮಕ್ಕಳಿಗೆ ಒಂದೇ ಪಿರಿಯಡ್ಡಿನಲ್ಲಿ ಹೇಳಿ ಮುಗಿಸುತ್ತೇವೆ. ಗಾಳಿಗೂ ತೂಕವುಂಟೆಂಬುದೇ ಮನದಟ್ಟಾಗದ ಮಗು, ಗಾಳಿಯಿಂದ ಮರವಾಯಿತೆಂಬುದನ್ನು ಹೇಗೆ ನಂಬೀತು? ಸಸ್ಯಗಳು ರಾತ್ರಿ ಮಾತ್ರ ಉಸಿರಾಡುವುವೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅವು ಹಗಲಿರುಳೂ ಉಸಿರಾಡುತ್ತವೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಾಗಿರುವುದರಿಂದ ಆ ಉಸಿರಾಟವು ನಮ್ಮ ಗಮನಕ್ಕೆ ಬಾರದು.

ಇದು ಪರೀಕ್ಷೆಯ ಅಂಕಗಳ ವಿಷಯ ಮಾತ್ರವಲ್ಲ. ಗೊಬ್ಬರವೇ ಬೆಳೆಯ ಅನ್ನವೆಂದು ನಂಬಿದ ಮಗು ನಾಳೆ ರೈತನಾದಾಗ, ಹೆಚ್ಚು ಸುರಿದಷ್ಟೂ ಹೆಚ್ಚು ಫಲವೆಂದು ಸಾಲಮಾಡಿ ಸುರಿದಾನು. ಸಾರಜನಕ, ರಂಜಕ, ಪೊಟ್ಯಾಷ್‌ಗಳು ಅವಶ್ಯವೇ ಸರಿ. ಆದರೆ ಅವು ಅಡುಗೆಗೆ ಉಪ್ಪಿನಂತೆ, ಮಿತಿಯಲ್ಲಿ ಬೇಕು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರು ಅನೇಕರಿದ್ದೀರಿ. ಸೂತ್ರವನ್ನು ಬರೆಯಿಸುವ ಮುನ್ನ, ಮಗು ಏನು ತಿಳಿದಿದೆಯೆಂಬುದನ್ನು ಕೇಳಿರಿ. ಬಳಿಕ ಒಣಗಿದ ರಾಗಿಹುಲ್ಲಿನ ಒಂದು ಹಿಡಿಯನ್ನು ತೂಗಿ, ಸುಟ್ಟು, ಬೂದಿಯನ್ನು ತೂಗಿ ತೋರಿಸಿರಿ. ಮಣ್ಣು ಕೊಟ್ಟದ್ದು ಬಹುಮಟ್ಟಿಗೆ ಆ ಬೂದಿಯಷ್ಟೇ. ಉಳಿದುದೆಲ್ಲವೂ ಗಾಳಿಯಿಂದಲೂ ನೀರಿನಿಂದಲೂ ಬಂದು, ಬಿಸಿಲಿನ ಬಲದಿಂದ ಹುಲ್ಲಾಗಿ, ಈಗ ಮತ್ತೆ ಗಾಳಿಯನ್ನೇ ಸೇರಿತು.