ಯಾರೂ ಕಡ್ಡಾಯ ಮಾಡದ ಕೆಲಸ: ಹಳೆಯ ಆರ್‌ಪಿಜಿ ಆಟಗಳಲ್ಲಿ ಸೈಡ್ ಕ್ವೆಸ್ಟ್ ಬೆಳೆದು ಬಂದ ಕಥೆ



"ಆ ಆಟ ಇನ್ನೂ ಮುಗಿಯಲಿಲ್ವಾ?" ಎಂದು ಮನೆಯಲ್ಲಿ ಕೇಳಿದರೆ, ರೋಲ್ ಪ್ಲೇಯಿಂಗ್ ಗೇಮ್ ಅಂದರೆ ಆರ್‌ಪಿಜಿ ಆಡುವವರು ಕೊಡುವ ಉತ್ತರ ದೊಡ್ಡವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. "ಮುಗಿಸಬಹುದು, ಆದರೆ ಸೈಡ್ ಕ್ವೆಸ್ಟ್ ಬಾಕಿ ಇದೆ." ಕಥೆ ಮುಗಿಸಲು ಬೇಕೇ ಬೇಕು ಎನ್ನುವಂಥದ್ದಲ್ಲ, ಮಾಡದಿದ್ದರೂ ಆಟ ಮುಂದೆ ಹೋಗುತ್ತದೆ, ಆದರೂ ಆಡುವವರು ಅದಕ್ಕಾಗಿ ಗಂಟೆಗಟ್ಟಲೆ ಸುತ್ತುತ್ತಾರೆ. ಒಂದು ಹಳೆಯ ಖಡ್ಗ, ಕಳೆದುಹೋದ ಬೆಕ್ಕು, ದೂರದ ಹಳ್ಳಿಯೊಬ್ಬನ ಸಣ್ಣ ಕೋರಿಕೆ. ಇದು ಬರೀ ಕಾಲಹರಣವೇ? ನಮ್ಮ ಯುವಕೂಟದಲ್ಲೂ ಈ ಬಗ್ಗೆ ಎರಡು ಪಕ್ಷಗಳಿವೆ. ವಾದ ಮಾಡುವ ಮೊದಲು ಇವು ಎಲ್ಲಿಂದ ಬಂದವು ಎಂದು ನೋಡೋಣ.

ಮೇಜಿನ ಸುತ್ತ ಕೂತ ಕಾಲ

ಈ ಜಾತಿಯ ಆಟಗಳ ಮೂಲ ಕಂಪ್ಯೂಟರ್ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಅದನ್ನು ಕಾಗದ, ಪೆನ್ಸಿಲ್, ದಾಳ ಹಿಡಿದು ಮೇಜಿನ ಸುತ್ತ ಕೂತು ಆಡುತ್ತಿದ್ದರು. ಒಬ್ಬರು ಕಥೆ ನಡೆಸುತ್ತಿದ್ದರು, ಉಳಿದವರು ಪಾತ್ರಗಳಾಗುತ್ತಿದ್ದರು. ಗುಹೆಗೆ ಹೋಗಬೇಕಾದ ವೀರ ದಾರಿಯಲ್ಲಿ ಕಂಡ ಮುದುಕಿಯ ಕಷ್ಟ ವಿಚಾರಿಸಲು ನಿಂತರೂ ತೊಂದರೆಯಿರಲಿಲ್ಲ. ಕಥೆ ನಡೆಸುವವರು ಅಲ್ಲೇ ಹೊಸದೊಂದು ದಾರಿ ಕಟ್ಟುತ್ತಿದ್ದರು. ಮುಂದಿನ ವಾರ ಆ ಮುದುಕಿ ಮತ್ತೆ ಎದುರಾದರೆ, ನೀವು ಸಹಾಯ ಮಾಡಿದ್ದು ಅವರಿಗೆ ನೆನಪಿರುತ್ತಿತ್ತು.

ಕಂಪ್ಯೂಟರಿಗೆ ಆ ನೆನಪು ಇರಲಿಲ್ಲ. ಸೈಡ್ ಕ್ವೆಸ್ಟ್‌ನ ಚರಿತ್ರೆ ಬಹುಪಾಲು ಯಂತ್ರಕ್ಕೆ ನೆನಪು ಬಂದ ಚರಿತ್ರೆಯೇ ಎಂದು ನಮಗೆ ಅನಿಸುತ್ತದೆ.

ಗುಟ್ಟಾಗಿ ಇಟ್ಟ ಮೊಟ್ಟೆ

ಅದಕ್ಕೂ ಮೊದಲು ಒಂದು ಸಣ್ಣ ಘಟನೆ. 1980ರಲ್ಲಿ ಅಟಾರಿ ಕಂಪನಿಯ 'ಅಡ್ವೆಂಚರ್' ಎಂಬ ಆಟ ಬಂತು. ಅದು ಆರ್‌ಪಿಜಿ ಅಲ್ಲ, ಆದರೆ ಹತ್ತಿರದ ನೆಂಟ. ಆಗ ಆಟ ಬರೆದವರ ಹೆಸರನ್ನು ಅಟಾರಿ ಎಲ್ಲೂ ಹಾಕುತ್ತಿರಲಿಲ್ಲ. ಬರೆದ ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರು ಬರೆದಿಟ್ಟ. ಒಳಗೆ ಹೋಗಲು ಕಣ್ಣಿಗೆ ಸರಿಯಾಗಿ ಕಾಣದ ಒಂದು ಬೂದು ಚುಕ್ಕೆಯನ್ನು ಹೊತ್ತು ತರಬೇಕಿತ್ತು. ಕೊನೆಗೆ ಆಟ ಆಡುತ್ತಿದ್ದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದ. ಕಂಪನಿಯವರು ಅದನ್ನು ಅಳಿಸಲಿಲ್ಲ. ಈಸ್ಟರ್ ಹಬ್ಬದಲ್ಲಿ ಮಕ್ಕಳು ಬಚ್ಚಿಟ್ಟ ಮೊಟ್ಟೆ ಹುಡುಕುವ ಹಾಗೆ ಇದೂ ಒಂದು ಖುಷಿ ಎಂದುಕೊಂಡರು. ಇಂದಿಗೂ ಆಟಗಳಲ್ಲಿ ಅಡಗಿಸಿಟ್ಟ ಗುಟ್ಟಿಗೆ 'ಈಸ್ಟರ್ ಎಗ್' ಎನ್ನುವುದು ಹೀಗೆ. ಹೇಳಿದ ದಾರಿ ಬಿಟ್ಟು ಹುಡುಕಿದವರಿಗೂ ಏನೋ ಸಿಗುತ್ತದೆ ಎಂಬುದು ಆಗ ಆಟಗಾರರಿಗೆ ಗೊತ್ತಾಯಿತು.

ನೆನಪಿಗೆ ಒಂದು ಬ್ಯಾಟರಿ

1985ರಲ್ಲಿ ರಿಚರ್ಡ್ ಗ್ಯಾರಿಯಟ್ ಅವರ 'ಅಲ್ಟಿಮಾ 4' ಬಂತು. ಅದರಲ್ಲಿ ಕೊಲ್ಲಬೇಕಾದ ದೊಡ್ಡ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮೊದಲಾದ ಎಂಟು ಸದ್ಗುಣಗಳಲ್ಲಿ ಬೆಳೆಯುವುದೇ ಗುರಿ. ಗಿಡಮೂಲಿಕೆ ಮಾರುವವಳಿಗೆ ಕಣ್ಣು ಕಾಣುವುದಿಲ್ಲ, ಎಷ್ಟು ನಾಣ್ಯ ಕೊಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಕಡಿಮೆ ಕೊಟ್ಟರೆ ಯಾರೂ ಹಿಡಿಯುವುದಿಲ್ಲ, ಆದರೆ ಆಟ ಒಳಗೊಳಗೇ ಲೆಕ್ಕ ಇಡುತ್ತದೆ. ಭಿಕ್ಷುಕನಿಗೆ ಕೊಟ್ಟ ಒಂದು ನಾಣ್ಯವೂ ಆ ಲೆಕ್ಕದಲ್ಲಿ ಸೇರುತ್ತದೆ. ಅದು ಫ್ಲಾಪಿ ಡಿಸ್ಕ್ ಇರುವ ಕಂಪ್ಯೂಟರಿನ ಆಟವಾದ್ದರಿಂದ ಲೆಕ್ಕ ಉಳಿಸಿಡಲು ಜಾಗವಿತ್ತು.

ಟಿವಿಗೆ ಜೋಡಿಸುವ ಯಂತ್ರಗಳಿಗೆ ಆ ಅನುಕೂಲ ಇರಲಿಲ್ಲ. 1986ರಲ್ಲಿ ಜಪಾನಿನಲ್ಲಿ ಯುಜಿ ಹೊರಿಯಿ ಅವರ 'ಡ್ರ್ಯಾಗನ್ ಕ್ವೆಸ್ಟ್' ಬಂದಾಗ ಇಡೀ ಆಟದ ಗಾತ್ರ 64 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದರ ಎಷ್ಟೋ ಪಟ್ಟು ದೊಡ್ಡದು. ಆಟ ನಿಲ್ಲಿಸುವಾಗ ಪರದೆಯ ಮೇಲೆ ಬರುವ 20 ಅಕ್ಷರಗಳ ಗುಪ್ತಪದವನ್ನು ಕಾಗದದಲ್ಲಿ ಬರೆದುಕೊಂಡು, ಮರುದಿನ ಅದನ್ನೇ ಒತ್ತಬೇಕು. ಅಷ್ಟು ಅಕ್ಷರಗಳಲ್ಲಿ ಎಷ್ಟು ವಿಷಯ ತುಂಬಿಸಲಾದೀತು? ಹಾಗಾಗಿ ಹೆಚ್ಚಿನ ಪೆಟ್ಟಿಗೆಗಳು ಒಮ್ಮೆ ಹೊರಗೆ ಹೋಗಿ ಬಂದರೆ ಮತ್ತೆ ತುಂಬಿರುತ್ತಿದ್ದವು. ಆದರೂ ಆ ಪುಟ್ಟ ಆಟದಲ್ಲಿ ಒಂದು ದೊಡ್ಡ ಬಿಡುಗಡೆಯಿತ್ತು: ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸದೆಯೇ ಡ್ರ್ಯಾಗನ್ ರಾಜನನ್ನು ಸೋಲಿಸಿ ಆಟ ಮುಗಿಸಬಹುದು. ಬಿಡಿಸುವುದು, ಬಿಡುವುದು ನಿಮ್ಮ ಮನಸ್ಸು.

1988ರ 'ಡ್ರ್ಯಾಗನ್ ಕ್ವೆಸ್ಟ್ 3' ಕ್ಯಾಸೆಟ್ಟಿನೊಳಗೆ ಒಂದು ಸಣ್ಣ ಬ್ಯಾಟರಿ ಇತ್ತು. ಕರೆಂಟ್ ಹೋದರೂ ನೆನಪು ಉಳಿಯುವುದಕ್ಕೆ ಅದು ಸಾಕು. ವಿಜ್ಞಾನ ಓದಿದವರಿಗೆ ಇದು ಸುಲಭ: ಒಂದು ಪೆಟ್ಟಿಗೆ ತೆರೆದಿದೆಯೋ ಇಲ್ಲವೋ ಎಂಬುದಕ್ಕೆ ಒಂದು ಬಿಟ್ ಸಾಕು, ಎಂಟು ಬಿಟ್ ಸೇರಿದರೆ ಒಂದು ಬೈಟ್. ಕೆಲವೇ ನೂರು ಬೈಟ್ ಇದ್ದರೆ ಸಾವಿರಾರು ಸಣ್ಣ ಸಂಗತಿಗಳನ್ನು ನೆನಪಿಡಬಹುದು. 1990ರ 'ಡ್ರ್ಯಾಗನ್ ಕ್ವೆಸ್ಟ್ 4'ರಲ್ಲಿ ಊರೂರಿನ ಮೂಲೆಗಳಲ್ಲಿ ಬಚ್ಚಿಟ್ಟ ಪುಟ್ಟ ಪದಕಗಳು ಬಂದವು. ಅವನ್ನು ಕೂಡಿಸಿ ಒಬ್ಬ ರಾಜನಿಗೆ ಕೊಟ್ಟರೆ ಬಹುಮಾನ. ಒಂದು ಪದಕ ಒಮ್ಮೆ ಮಾತ್ರ ಸಿಗಬೇಕಾದರೆ, ನೀವು ಅದನ್ನು ತೆಗೆದದ್ದು ಯಂತ್ರಕ್ಕೆ ನೆನಪಿರಲೇಬೇಕಲ್ಲವೇ?

ಚದುರಿದವರನ್ನು ಹುಡುಕುವುದು

ಮುಂದಿನ ದೊಡ್ಡ ಹೆಜ್ಜೆ 1994ರ ಏಪ್ರಿಲ್‌ನಲ್ಲಿ, ಸ್ಕ್ವೇರ್ ಕಂಪನಿಯ 'ಫೈನಲ್ ಫ್ಯಾಂಟಸಿ 6'ರಲ್ಲಿ. ಕಥೆಯ ನಡುವೆಯೇ ಖಳನಾಯಕ ಕೆಫ್ಕಾ ಗೆಲ್ಲುತ್ತಾನೆ, ಲೋಕ ಹಾಳಾಗುತ್ತದೆ, ಗೆಳೆಯರೆಲ್ಲ ದಿಕ್ಕಾಪಾಲು. ಒಂದು ವರ್ಷದ ಮೇಲೆ ಸೆಲೆಸ್ ಎಂಬ ಹೆಣ್ಣುಮಗಳು ಒಂದು ದ್ವೀಪದಲ್ಲಿ ಎಚ್ಚರಗೊಳ್ಳುತ್ತಾಳೆ. ಕೊನೆಯ ಯುದ್ಧಕ್ಕೆ ಹೋಗಲು ಅವಳ ಜೊತೆ ಇಬ್ಬರು ಸಿಕ್ಕರೆ ಸಾಕು. ಉಳಿದವರನ್ನು ಹುಡುಕುವುದು ಕಡ್ಡಾಯವಲ್ಲ. ಒಬ್ಬ ಬೆಟ್ಟದ ಮೇಲೆ ಒಂಟಿಯಾಗಿದ್ದಾನೆ, ಒಬ್ಬಳು ತಂದೆತಾಯಿಯಿಲ್ಲದ ಮಕ್ಕಳನ್ನು ಸಾಕುತ್ತಿದ್ದಾಳೆ. ಆಟದ ಎರಡನೇ ಅರ್ಧವೆಲ್ಲ ಹೀಗೆ ಒಬ್ಬೊಬ್ಬರ ಮನೆಬಾಗಿಲಿಗೆ ಹೋಗುವುದೇ. ಇಲ್ಲಿಗೆ ಬರುವಷ್ಟರಲ್ಲಿ ಸೈಡ್ ಕ್ವೆಸ್ಟ್ ಎಂದರೆ ವಸ್ತು ಕೂಡಿಸುವುದು ಮಾತ್ರ ಆಗಿ ಉಳಿದಿರಲಿಲ್ಲ.

ಅದೇ ಆಟದಲ್ಲಿ ಇನ್ನೊಂದು ಸಂದರ್ಭ. ಕುಸಿಯುತ್ತಿರುವ ತೇಲುವ ಭೂಮಿಯಿಂದ ಹಾರಿ ಪಾರಾಗಬೇಕು, ಪರದೆಯ ಮೇಲೆ ಗಡಿಯಾರ ಓಡುತ್ತಿದೆ. ನಿಮ್ಮನ್ನು ಉಳಿಸಲು ಹಿಂದೆ ನಿಂತ ಶ್ಯಾಡೋ ಇನ್ನೂ ಬಂದಿಲ್ಲ. ಹಾರಿದರೆ ಆಟ ಮುಂದುವರಿಯುತ್ತದೆ, ಶ್ಯಾಡೋ ಮಾತ್ರ ಇನ್ನೆಂದೂ ಸಿಗುವುದಿಲ್ಲ. ಕೊನೆಯ ಕೆಲವು ಸೆಕೆಂಡಿನವರೆಗೆ ಕಾದರೆ ಅವನು ಓಡಿ ಬರುತ್ತಾನೆ. ಎಷ್ಟೋ ಜನ ಮೊದಲ ಸಲ ಕಾಯದೆ ಹಾರಿಬಿಟ್ಟಿದ್ದಾರೆ.

ಜಾತ್ರೆಯಲ್ಲಿ ನಡೆದದ್ದು, ನ್ಯಾಯಾಲಯದಲ್ಲಿ ಕೇಳಿದ್ದು

1995ರ ಮಾರ್ಚ್ 11ರಂದು ಬಂದ 'ಕ್ರೋನೋ ಟ್ರಿಗರ್' ಈ ಚರಿತ್ರೆಯ ಶಿಖರ ಎಂಬುದು ನಮ್ಮ ಅಭಿಪ್ರಾಯ. ಫೈನಲ್ ಫ್ಯಾಂಟಸಿಯ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್‌ನ ಹೊರಿಯಿ, 'ಡ್ರ್ಯಾಗನ್ ಬಾಲ್' ಚಿತ್ರಕಾರ ಅಕಿರಾ ಟೊರಿಯಾಮಾ ಸೇರಿ ಮಾಡಿದ ಆಟ. ಆರಂಭದಲ್ಲಿ ಕ್ರೋನೋ ಎಂಬ ಹುಡುಗ ಜಾತ್ರೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಪದಕದ ಸರ ಬೀಳುತ್ತದೆ. ಮೊದಲು ಅವಳನ್ನು ವಿಚಾರಿಸುತ್ತೀರಾ, ಸರ ಹೆಕ್ಕುತ್ತೀರಾ? ಮೇಜಿನ ಮೇಲಿದ್ದ ಮುದುಕನ ಬುತ್ತಿ ತಿನ್ನುತ್ತೀರಾ? ಪುಟ್ಟ ಹುಡುಗಿಯ ಬೆಕ್ಕನ್ನು ಹುಡುಕಿ ಕೊಡುತ್ತೀರಾ? ಆಗ ಆಟ ಏನೂ ಹೇಳುವುದಿಲ್ಲ. ಮುಂದೆ ಕ್ರೋನೋ ನ್ಯಾಯಾಲಯದಲ್ಲಿ ನಿಂತಾಗ ಇವೆಲ್ಲ ಒಂದೊಂದಾಗಿ ಸಾಕ್ಷಿಯಾಗಿ ಬರುತ್ತವೆ. ತಮಾಷೆಯೆಂದರೆ, ನಿರಪರಾಧಿ ಎಂದಾದರೂ ಅವನನ್ನು ಜೈಲಿಗೆ ಹಾಕುತ್ತಾರೆ. ಕಥೆ ಬದಲಾಗುವುದಿಲ್ಲ. ಆದರೂ ಬೆಕ್ಕು ತಂದುಕೊಟ್ಟದ್ದು ಯಾರಿಗೋ ನೆನಪಿತ್ತು ಎಂಬುದೇ ಆಡುವವರಿಗೆ ದೊಡ್ಡ ಸಮಾಧಾನ.

ಆಟದ ಕೊನೆಯ ಭಾಗದಲ್ಲಿ ಇನ್ನಷ್ಟು ಐಚ್ಛಿಕ ಕೆಲಸಗಳಿವೆ. ಫಿಯೋನಾ ಎಂಬ ಮಹಿಳೆ ಮರುಭೂಮಿಯನ್ನು ಮತ್ತೆ ಕಾಡು ಮಾಡಲು ಹೊರಟಿದ್ದಾಳೆ, ಆದರೆ ಒಂದು ಜೀವಮಾನ ಅದಕ್ಕೆ ಸಾಲದು. ರೋಬೋ ಎಂಬ ಯಂತ್ರಮಾನವ ತಾನು ಉಳಿಯುತ್ತೇನೆ ಎನ್ನುತ್ತಾನೆ. ಗೆಳೆಯರು ಕಾಲಯಂತ್ರದಲ್ಲಿ ಕ್ಷಣದಲ್ಲಿ 400 ವರ್ಷ ದಾಟಿ ಬಂದರೆ ಅಲ್ಲಿ ದಟ್ಟ ಕಾಡು. ಅವರಿಗೆ ಕ್ಷಣ, ರೋಬೋಗೆ 400 ವರ್ಷ ಗೇಯ್ಮೆ. ಆ ರಾತ್ರಿ ಕಾಡಿನಲ್ಲಿ ಬೆಂಕಿಯ ಸುತ್ತ ಮಲಗಿದಾಗ, ಲುಕ್ಕಾ ಎಂಬ ಹುಡುಗಿಗೆ ತನ್ನ ತಾಯಿಯ ಕಾಲು ಹೋದ ದಿನಕ್ಕೆ ಹಿಂದಿರುಗುವ ಬಾಗಿಲು ತೆರೆಯುತ್ತದೆ. ಯಂತ್ರ ನಿಲ್ಲಿಸಲು ಬೇಕಾದ ಗುಪ್ತಪದ ತಾಯಿಯ ಹೆಸರೇ. ತಡವಾದರೆ ತಾಯಿ ಹಿಂದಿನಂತೆಯೇ ಕುರ್ಚಿಯಲ್ಲಿ ಉಳಿಯುತ್ತಾಳೆ. ಇವೆಲ್ಲವನ್ನೂ ಬಿಟ್ಟು ನೇರವಾಗಿ ಕೊನೆಯ ಶತ್ರುವಿನ ಬಳಿ ಹೋಗಬಹುದು. ಮಡಿದ ನಾಯಕನನ್ನೇ ಮರಳಿ ತರದೆ ಆಟ ಮುಗಿಸಲೂ ಆಗುತ್ತದೆ.

ಅದೇ ವರ್ಷದ ಕೊನೆಗೆ ಕೊನಾಮಿಯ 'ಸುಯ್ಕೋಡೆನ್' ಬಂತು. ಚೀನಾದ ಹಳೆಯ ಕಾದಂಬರಿಯ 108 ವೀರರ ಮಾದರಿಯಲ್ಲಿ 108 ಜನರನ್ನು ಕೂಡಿಸಬಹುದಾದ ಆಟ. ಅಡುಗೆಯವನು, ಕಮ್ಮಾರ, ಅಂಗಡಿಯವನು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಎಲ್ಲರೂ ಸೇರಿದರೆ ಮಾತ್ರ ನಾಯಕನನ್ನು ಸಾಕಿ ಬೆಳೆಸಿ, ಅವನಿಗಾಗಿ ಸತ್ತ ಗ್ರೆಮಿಯೋ ಮರಳಿ ಬರುತ್ತಾನೆ. 1996ರ 'ಪೋಕೆಮಾನ್' ಇನ್ನೊಂದು ಮಾತು ಸೇರಿಸಿತು. ಬಾಲ್ಯದಲ್ಲಿ ಹುಳು ಹಿಡಿದು ಸಂಗ್ರಹಿಸುತ್ತಿದ್ದ ಸತೋಶಿ ತಾಜಿರಿ, ಒಬ್ಬರೇ ಆಡಿ ಎಲ್ಲ ಪೋಕೆಮಾನ್ ಕೂಡಿಸಲಾಗದಂತೆ ಮಾಡಿದರು. ಗೆಳೆಯನ ಯಂತ್ರಕ್ಕೆ ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಲೇಬೇಕು.

ಲೆಕ್ಕವೇ ದೊಡ್ಡದಾದಾಗ

ನಂತರದ ಕಥೆ ಅಷ್ಟು ಸುಂದರವಲ್ಲ. 2000ದ 'ಫೈನಲ್ ಫ್ಯಾಂಟಸಿ 9'ರಲ್ಲಿ ಎಕ್ಸ್‌ಕ್ಯಾಲಿಬರ್ 2 ಎಂಬ ಖಡ್ಗ ಬೇಕಾದರೆ 12 ಗಂಟೆಯೊಳಗೆ ಕೊನೆಯ ಭಾಗ ತಲುಪಬೇಕು, ಅಂದರೆ ದಾರಿಯ ಊರುಗಳನ್ನು ಓಡುತ್ತಾ ದಾಟಬೇಕು. 2006ರ 'ಫೈನಲ್ ಫ್ಯಾಂಟಸಿ 12'ರಲ್ಲಿ ಒಂದು ಬಲವಾದ ಈಟಿ ಸುಲಭವಾಗಿ ಸಿಗಬೇಕಾದರೆ, ಅದಕ್ಕೂ ಬಹಳ ಮೊದಲು ಬರುವ ನಾಲ್ಕು ಪೆಟ್ಟಿಗೆಗಳನ್ನು ಮುಟ್ಟಲೇಬಾರದು. ಯಾವುವು ಎಂದು ಆಟ ಹೇಳುವುದಿಲ್ಲ. ಗೈಡ್ ಪುಸ್ತಕ ಓದಿದವರಿಗೆ ಮಾತ್ರ ಗೊತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360 'ಅಚೀವ್‌ಮೆಂಟ್' ತಂದಿತು, 2008ರಲ್ಲಿ ಪ್ಲೇಸ್ಟೇಷನ್ 3 'ಟ್ರೋಫಿ' ತಂದಿತು. ಮಾಡಿದ ಪ್ರತಿ ಐಚ್ಛಿಕ ಕೆಲಸಕ್ಕೂ ಅಂಕ, ಎಲ್ಲರಿಗೂ ಕಾಣುವ ಶೇಕಡಾವಾರು. ಈಗಿನ ಫೋನ್ ಆಟಗಳಲ್ಲಿ 'ಡೈಲಿ ಕ್ವೆಸ್ಟ್' ಇದೆ. ಹೆಸರಿಗೆ ಐಚ್ಛಿಕ, ಆದರೆ ಒಂದು ದಿನ ತಪ್ಪಿದರೆ ಬಹುಮಾನ ಹೋಯಿತು, ಬೇಕಿದ್ದರೆ ದುಡ್ಡು ಕೊಡಿ.

ಆದ್ದರಿಂದ ನಮ್ಮ ಯುವಕೂಟದ ಎರಡೂ ಪಕ್ಷಗಳಲ್ಲಿ ಹುರುಳಿದೆ ಎನಿಸುತ್ತದೆ. ಪರೀಕ್ಷೆ ಹತ್ತಿರವಿರುವಾಗ ಶೇಕಡಾ 100 ಆಗಲೇಬೇಕೆಂದು ರಾತ್ರಿ ಎರಡರವರೆಗೆ ಕೂರುವುದು ಸರಿಯೆಂದು ನಾವು ಹೇಳುವುದಿಲ್ಲ. ಅದು ಇನ್ನೊಬ್ಬರು ಹಾಕಿದ ಲೆಕ್ಕಕ್ಕೆ ದುಡಿದಂತೆ. ಆದರೆ ಯಾರೂ ಕಡ್ಡಾಯ ಮಾಡದಿದ್ದರೂ, ಅಂಕ ಸಿಗದಿದ್ದರೂ, ಶ್ಯಾಡೋಗಾಗಿ ಕಾಯುವುದು, ಬೆಕ್ಕನ್ನು ಮನೆಗೆ ಮುಟ್ಟಿಸುವುದು ಬೇರೆಯೇ ಸಂಗತಿ. ಹಳೆಯ ಆಟಗಳನ್ನು ಮಾಡಿದವರು ಕೆಲವೇ ಕಿಲೋಬೈಟ್ ನೆನಪಿನಲ್ಲಿ ಅದಕ್ಕೆ ಜಾಗ ಉಳಿಸಿದ್ದರು.

ಹೆತ್ತವರಿಗೆ ಒಂದು ಮಾತು. ಮುಂದಿನ ಸಲ "ಎಷ್ಟು ಗಂಟೆ ಆಡಿದೆ?" ಎಂದು ಕೇಳುವಾಗ, "ಈ ಆಟದಲ್ಲಿ ಯಾರಿಗೆ ಸಹಾಯ ಮಾಡಿದೆ, ಅದನ್ನು ಮಾಡಲೇಬೇಕಿತ್ತಾ?" ಎಂದೂ ಕೇಳಿ ನೋಡಿ. ಮಿತ್ರರೇ, ನೀವೂ ಮುಚ್ಚುಮರೆಯಿಲ್ಲದೆ ಉತ್ತರ ಕೊಡಿ. ಕ್ರೋನೋ ಟ್ರಿಗರ್, ಫೈನಲ್ ಫ್ಯಾಂಟಸಿ 6 ಎರಡೂ ಈಗ ಫೋನಿನಲ್ಲೂ ಸಿಗುತ್ತವೆ. ರಜೆಯಲ್ಲಿ ಆಡಿ, ತಂಗಿ ತಮ್ಮಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಡಿಯಾರ ಓಡುತ್ತಿರುವಾಗ ಹಾರಬೇಕೋ ಕಾಯಬೇಕೋ ಎಂಬುದನ್ನು ಅವರೇ ಹೇಳಲಿ.