ಮಾರ್ಮನ್ ಪಂಥದಲ್ಲಿ ಸ್ತ್ರೀಯರ ಸ್ಥಾನ: ನಾವೂದಿಂದ ಬೆಂಗಳೂರಿನವರೆಗೆ

ಬೆಂಗಳೂರಿನ ಕ್ರೈಸ್ತ ಚರಿತ್ರೆಯ ಅಧ್ಯಯನಗಳು ಬಹುಮಟ್ಟಿಗೆ ಕಥೋಲಿಕ ಸಭೆ ಹಾಗೂ ಲಂಡನ್, ವೆಸ್ಲಿಯನ್ ಮಿಷನ್‌ಗಳ ಸುತ್ತ ಬೆಳೆದುಬಂದಿವೆ. ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ, ಮಾರ್ಮನ್ ಪಂಥವೆಂದು ಪ್ರಸಿದ್ಧವಾದ ಸಭೆಯು ಈ ನಗರಕ್ಕೆ ತಡವಾಗಿ ಬಂದಿತು. ಅದುವರೆಗೆ ಸಿಂಗಪುರ ಮಿಷನ್ನಿನ ಅಧೀನದಲ್ಲಿದ್ದ ಭಾರತಕ್ಕೆ 1993ರ ಜನವರಿ 1ರಂದು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಪ್ರತ್ಯೇಕ ಮಿಷನ್ ರಚನೆಯಾಯಿತು. ಗುರುಚರಣ್ ಸಿಂಗ್ ಗಿಲ್ ಅದರ ಮೊದಲ ಅಧ್ಯಕ್ಷರು. ಈ ಪಂಥದಲ್ಲಿ ಸುಮಾರು ಹನ್ನೆರಡು ವರ್ಷದ ಬಾಲಕರಿಂದ ಮೊದಲ್ಗೊಂಡು ಅರ್ಹರಾದ ಎಲ್ಲ ಪುರುಷರಿಗೂ ಪೌರೋಹಿತ್ಯ ದೊರೆಯುತ್ತದೆ, ಸ್ತ್ರೀಯರಿಗೆ ದೊರೆಯುವುದಿಲ್ಲ. ಆದರೆ ಇದರಿಂದ ಅಲ್ಲಿ ಸ್ತ್ರೀಯರಿಗೆ ಎಂದೂ ಸ್ವಾಧಿಕಾರವಿರಲಿಲ್ಲವೆಂದು ತೀರ್ಮಾನಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

1842ರ ಮಾರ್ಚ್ 17ರಂದು ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ 20 ಮಂದಿ ಸ್ತ್ರೀಯರು ಸೇರಿ ‘ರಿಲೀಫ್ ಸೊಸೈಟಿ’ ಎಂಬ ಸಂಘವನ್ನು ಆರಂಭಿಸಿದರು. ಸಂಸ್ಥಾಪಕನ ಪತ್ನಿ ಎಮ್ಮಾ ಸ್ಮಿತ್ ಅದರ ಅಧ್ಯಕ್ಷೆಯಾದಳು. ಬಡವರ ಪೋಷಣೆ, ರೋಗಿಗಳ ಶುಶ್ರೂಷೆ ಸಂಘದ ಕಾರ್ಯಗಳಾಗಿದ್ದವು. ಬಹುಪತ್ನೀತ್ವವನ್ನು ಕುರಿತ ಒಳಜಗಳದ ನಡುವೆ 1845ರಲ್ಲಿ ಬ್ರಿಗಮ್ ಯಂಗ್ ಈ ಸಂಘವನ್ನು ನಿಲ್ಲಿಸಿದನು. ಯೂಟಾಕ್ಕೆ ವಲಸೆ ಹೋದ ಬಳಿಕ, 1860ರ ದಶಕದ ಕೊನೆಯಲ್ಲಿ, ಅವನ ಅನುಮತಿಯಿಂದಲೇ ಎಲೈಜಾ ಸ್ನೋ ಅದನ್ನು ಊರೂರಿನಲ್ಲಿ ಪುನಃ ಕಟ್ಟಿದಳು.

ಮುಂದಿನ ಮೂರು ದಶಕಗಳು ಮಾರ್ಮನ್ ಸ್ತ್ರೀಯರ ಸಾರ್ವಜನಿಕ ಜೀವನದ ಉಚ್ಛ್ರಾಯ ಕಾಲವೆನ್ನಬಹುದು. 1870ರಲ್ಲಿ ಯೂಟಾದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಿತು. 1872ರಿಂದ ‘ವುಮನ್ಸ್ ಎಕ್ಸ್‌ಪೊನೆಂಟ್’ ಪತ್ರಿಕೆಯನ್ನು ಅವರೇ ನಡೆಸಿದರು. 1876ರಿಂದ ಬರಗಾಲಕ್ಕೆಂದು ಗೋಧಿ ಸಂಗ್ರಹಿಸಿದರು. ವೈದ್ಯಶಿಕ್ಷಣಕ್ಕಾಗಿ ತರುಣಿಯರನ್ನು ಫಿಲಡೆಲ್ಫಿಯಾಕ್ಕೆ ಕಳುಹಿಸಿದರು. ಇದೇ ಕಾಲದಲ್ಲಿ ಬಹುಪತ್ನೀತ್ವವೂ ಆಚರಣೆಯಲ್ಲಿತ್ತು. ಅದನ್ನು ದಮನಿಸಲು 1887ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು ಸ್ತ್ರೀಯರ ಮತವನ್ನೂ ಕಸಿದುಕೊಂಡಿತು. ಸ್ತ್ರೀಯರನ್ನು ರಕ್ಷಿಸುವ ನೆಪದಲ್ಲಿ ಅವರ ಹಕ್ಕನ್ನೇ ಕಳೆದ ವಿಪರ್ಯಾಸವಿದು. 1890ರಲ್ಲಿ ಸಭೆಯು ಬಹುಪತ್ನೀತ್ವವನ್ನು ಕೈಬಿಡುವುದಾಗಿ ಸಾರಿತು. 1896ರಲ್ಲಿ ಮತದ ಹಕ್ಕು ಮರಳಿತು. ಅದೇ ವರ್ಷ ವೈದ್ಯೆ ಮಾರ್ಥಾ ಹ್ಯೂಸ್ ಕ್ಯಾನನ್ ರಾಜ್ಯ ಸೆನೆಟ್‌ಗೆ ಆಯ್ಕೆಯಾದಳು. ಆ ಚುನಾವಣೆಯ ಸ್ಪರ್ಧಿಗಳಲ್ಲಿ ಅವಳ ಪತಿಯೂ ಒಬ್ಬನಾಗಿದ್ದನು.

ಈ ಚರಿತ್ರೆಗೆ ಭಾರತದ ಎಳೆಯೊಂದಿದೆ. 1851ರಲ್ಲಿ ಕಲಕತ್ತೆಗೆ ಮಾರ್ಮನ್ ಪ್ರಚಾರಕರು ಬಂದಾಗ ಸೇರಿದವರಲ್ಲಿ ಬ್ರಿಟಿಷ್ ಸೈನ್ಯದ ಮ್ಯಾಥ್ಯೂ ಮೆಕ್ಯೂನ್ ಕುಟುಂಬ ಪ್ರಮುಖವಾದುದು. ಕಲಕತ್ತೆಯಲ್ಲಿ ಹುಟ್ಟಿ ಯೂಟಾದಲ್ಲಿ ಶ್ರೀಮಂತನಾದ ಆಲ್ಫ್ರೆಡ್ ಮೆಕ್ಯೂನನ ಪತ್ನಿ ಎಲಿಜಬೆತ್, 1897ರಲ್ಲಿ ಲಂಡನ್ನಿನ ಸಭೆಯಲ್ಲಿ ತನ್ನ ಪಂಥವನ್ನು ಸಮರ್ಥಿಸಿ ಮಾತನಾಡಿದಳು. ಅದರ ಪರಿಣಾಮ ಕಂಡ ನಾಯಕರು 1898ರಲ್ಲಿ ಮೊದಲ ಬಾರಿಗೆ ಅವಿವಾಹಿತ ಸ್ತ್ರೀಯರನ್ನು ಅಧಿಕೃತ ಪ್ರಚಾರಕಿಯರನ್ನಾಗಿ ನೇಮಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಸ್ವಾಯತ್ತತೆ ಕ್ರಮೇಣ ಕುಗ್ಗಿತು. 1970ರ ಹೊತ್ತಿಗೆ ರಿಲೀಫ್ ಸೊಸೈಟಿಯ ಹಣಕಾಸು ಪುರುಷಾಧ್ಯಕ್ಷತೆಯ ಆಡಳಿತದಲ್ಲಿ ಲೀನವಾಯಿತು. ಅದರ ಸ್ವಂತ ಮಾಸಪತ್ರಿಕೆಯೂ ನಿಂತಿತು. ಮುಂದೆ ಪಂಥದ ವಯಸ್ಕ ಸ್ತ್ರೀಯರೆಲ್ಲರೂ ತಾವಾಗಿಯೇ ಸದಸ್ಯೆಯರೆನಿಸಿದರು. ಸಂಘದ ಸಂಖ್ಯಾಬಲ ಹೆಚ್ಚಿತು, ನಿರ್ಣಯಬಲ ತಗ್ಗಿತು. ಆಫ್ರಿಕ ಮೂಲದ ಪುರುಷರಿಗೆ ಪೌರೋಹಿತ್ಯವನ್ನು ತೆರೆದ 1978ರ ಘೋಷಣೆಯಲ್ಲಿಯೂ ಸ್ತ್ರೀಯರಿಗೆ ಎಡೆಯಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಎಡ್ವಿನ್ ಧರ್ಮರಾಜು, ಎಲ್ಸಿ ಧರ್ಮರಾಜು ದಂಪತಿಗಳು ಸಮೋವಾದಿಂದ ಹೈದರಾಬಾದಿಗೆ ಬಂದು ಬಂಧುಗಳ ನಡುವೆ ಪ್ರಚಾರ ನಡೆಸಿದರು. ದಕ್ಷಿಣ ಭಾರತದಲ್ಲಿ ಸಭೆ ಬೇರೂರಿದ್ದರಲ್ಲಿ ಪತ್ನಿಯ ಪಾಲು ಪತಿಯ ಪಾಲಿನಷ್ಟೇ ಗಣ್ಯ. ಆದರೆ ದೀಕ್ಷಾಸ್ನಾನ ನೀಡುವ ಅಧಿಕಾರ ಪತಿಗೆ ಮಾತ್ರ ಇದ್ದಿತು.

ಹೀಗೆ 1993ರಲ್ಲಿ ಬೆಂಗಳೂರಿಗೆ ಬಂದ ರಿಲೀಫ್ ಸೊಸೈಟಿಯು ಎಲೈಜಾ ಸ್ನೋಳ ಕಾಲದ್ದಲ್ಲ, 1970ರ ನಂತರದ್ದು. ಬಂದ ನಗರದಲ್ಲಾದರೋ ಬೇರೊಂದು ಚರಿತ್ರೆ ಸಾಗಿತ್ತು. ಹೆಬ್ಬಾಳ, ಆರ್.ಟಿ. ನಗರಗಳ ಕಡೆಗೆ ನಗರ ಬೆಳೆದ ದಿಕ್ಕಿನಲ್ಲಿರುವ ಬೆನ್ಸನ್ ಟೌನಿನಲ್ಲಿ, 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಸ್ತ್ರೀಯರಿಗೂ ದೇವಶಾಸ್ತ್ರದ ಶಿಕ್ಷಣ ನೀಡುತ್ತಿತ್ತು. ದಕ್ಷಿಣ ಭಾರತ ಸಭೆಯಲ್ಲಿ 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ಗುರುದೀಕ್ಷೆಯಾಯಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ಪರಾದರು. ಅದರ ಮರುವರ್ಷವೇ ಅಮೆರಿಕದಲ್ಲಿ ಸ್ತ್ರೀಪೌರೋಹಿತ್ಯಕ್ಕಾಗಿ ಚಳವಳಿ ನಡೆಸಿದ ಕೇಟ್ ಕೆಲ್ಲಿಯವರನ್ನು ಮಾರ್ಮನ್ ಸಭೆ ಬಹಿಷ್ಕರಿಸಿತು. ಎರಡು ಸಭೆಗಳ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಆದರೂ ಮಾರ್ಮನ್ ಸಂಪ್ರದಾಯದಲ್ಲಿ ಒಂದು ಅಪವಾದವುಂಟು. ವಾರದ ಆರಾಧನೆ ನಡೆಯುವ ಸಭಾಗೃಹಕ್ಕಿಂತ ಭಿನ್ನವಾದ ಮಂದಿರದೊಳಗೆ, ಸ್ತ್ರೀಯರಿಗೆ ಸಲ್ಲುವ ಕೆಲವು ಪವಿತ್ರ ವಿಧಿಗಳನ್ನು ಸ್ತ್ರೀಯರೇ ನೆರವೇರಿಸುತ್ತಾರೆ. ಭಾರತದ ಮೊದಲನೆಯ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. 2020ರ ಡಿಸೆಂಬರ್ 2ರಂದು ಕಟ್ಟಡದ ಕಾರ್ಯಾರಂಭವಾಯಿತು. 2019ರಿಂದ ಸ್ತ್ರೀಯರು ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗಿ ನಿಲ್ಲಲು ಅವಕಾಶ ದೊರೆತಿದೆ. ಮಂದಿರದ ಒಳಗೆ ವಿಧಿಯನ್ನು ನೆರವೇರಿಸುವ ಸ್ತ್ರೀಗೆ ಹೊರಗಿನ ಸಭೆಯ ಆಡಳಿತದಲ್ಲಿ ಆ ಅಧಿಕಾರವಿಲ್ಲ. ನಾವೂವಿನ 20 ಮಂದಿ ಕಟ್ಟಿದ ಸಂಘದ ಚರಿತ್ರೆಯನ್ನು ನೋಡಿದರೆ, ಸೇವೆಯ ಹೊಣೆ ಸ್ತ್ರೀಯರ ಕೈಯಿಂದ ಎಂದೂ ತಪ್ಪಲಿಲ್ಲ, ನಿರ್ಣಯದ ಹಕ್ಕು ಮಾತ್ರ ಬಂದುಹೋಗುತ್ತಿತ್ತು ಎಂಬುದು ವಿದಿತವಾಗುತ್ತದೆ. ಬೆಂಗಳೂರಿನ ಮಾರ್ಮನ್ ಸ್ತ್ರೀಯರ ಚರಿತ್ರೆಯನ್ನು ಮುಂದೆ ಬರೆಯುವವರು ಈ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ.