ದಿನಾ ಹೋಳಿಗೆಯೋ, ದಿನಾ ಅನ್ನ-ಸಾರೋ? ಟಿವಿ ಕ್ವಿಜ್‌ನ ಜಮಾ-ಖರ್ಚು



ಲೆಕ್ಕಪರಿಶೋಧಕನನ್ನು ಮುಖ್ಯ ಭಾಷಣಕ್ಕೆ ಕರೆದರೆ ಟ್ಯಾಕ್ಸ್ ಬಗ್ಗೆ ಕೊರೆಯುತ್ತಾನೆ ಎಂದು ನೀವು ಹೆದರಿರಬಹುದು. ಹೆದರಬೇಡಿ. ಇವತ್ತು ಟಿವಿ ಕ್ವಿಜ್ ಕಾರ್ಯಕ್ರಮಗಳ ಇತಿಹಾಸ ಹೇಳುತ್ತೇನೆ. ಪ್ರಶ್ನೆ ಒಂದೇ: ಕ್ವಿಜ್ ಪ್ರತಿ ರಾತ್ರಿ ಬರಬೇಕೋ, ವಾರಕ್ಕೊಮ್ಮೆ ಬರಬೇಕೋ? ಚಿಕ್ಕ ಪ್ರಶ್ನೆ ಅನ್ನಿಸಬಹುದು. ಆದರೆ ನಮ್ಮ ಮಕ್ಕಳ ಕನ್ನಡಕ್ಕೂ ಇದಕ್ಕೂ ನಂಟಿದೆ. ಅದನ್ನು ಕೊನೆಗೆ ಹೇಳುತ್ತೇನೆ.

2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾದಾಗ ನಾನು ಬೆಂಗಳೂರಿನಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ಸೋಮವಾರದಿಂದ ಗುರುವಾರದವರೆಗೆ ರಾತ್ರಿ ಒಂಬತ್ತಾದರೆ ವೋಚರ್ ಕಟ್ಟು ಮುಚ್ಚಿಟ್ಟು ಮನೆ ಮಾಲೀಕರ ಹಾಲ್‌ನಲ್ಲಿ ಸೇರುತ್ತಿದ್ದೆವು. ಅದಕ್ಕೆ ಮುಂಚೆ ಕ್ವಿಜ್ ಎಂದರೆ ವಾರಕ್ಕೊಮ್ಮೆ ಬರುವ ಅತಿಥಿ. ಎಂಬತ್ತರ ದಶಕದಲ್ಲಿ ದೂರದರ್ಶನದ ‘ಕ್ವಿಜ್ ಟೈಮ್’ ಹಾಗೇ ಬರುತ್ತಿತ್ತು. ವಾರಕ್ಕೆ ನಾಲ್ಕು ರಾತ್ರಿ ಕೋಟಿ ರೂಪಾಯಿಯ ಆಸೆ ತೋರಿಸುವುದು ನಮಗೆ ಹೊಸದು.

ವಾರದ ಲೆಕ್ಕ ಮೊದಲು ನೋಡೋಣ. 1955ರ ಜೂನ್ 7ರಂದು ಇಲ್ಲಿ, ಅಮೆರಿಕದಲ್ಲಿ, ಸಿಬಿಎಸ್ ‘64,000 ಡಾಲರ್ ಕ್ವೆಶ್ಚನ್’ ಆರಂಭಿಸಿತು. ಮೊತ್ತ ಒಂದು ಹಂತ ದಾಟಿದ ಮೇಲೆ ಸ್ಪರ್ಧಿಗೆ ವಾರಕ್ಕೆ ಒಂದೇ ಪ್ರಶ್ನೆ. ‘ಇಷ್ಟಕ್ಕೇ ನಿಲ್ಲಿಸುತ್ತಾನೋ, ಮುಂದೆ ಆಡುತ್ತಾನೋ’ ಎಂದು ಏಳು ದಿನ ಇಡೀ ದೇಶ ಮಾತಾಡಿಕೊಳ್ಳುತ್ತಿತ್ತು. ಅಡುಗೆಯ ವಿಷಯದಲ್ಲಿ ಉತ್ತರಿಸಿದ ನೌಕಾಪಡೆ ಮರೀನ್ ದಳದ ಕ್ಯಾಪ್ಟನ್ ರಿಚರ್ಡ್ ಮೆಕಚನ್ ಆ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮೊತ್ತ ಗೆದ್ದ ಮೊದಲಿಗರಾದರು. ಪ್ರಸಾರ ಅರ್ಧ ಗಂಟೆ, ಪ್ರಚಾರ ಏಳು ದಿನ. ಇಂಥ ಲಾಭ ಯಾವ ವ್ಯಾಪಾರದಲ್ಲಿದೆ?

ಆದರೆ ಈ ಲಾಭಕ್ಕೆ ಒಂದು ಷರತ್ತಿತ್ತು. ಮುಂದಿನ ವಾರವೂ ಜನರಿಗೆ ಬೇಕಾದ ಮುಖವೇ ಬರಬೇಕು. ಆ ಒತ್ತಡ ಹೆಚ್ಚಾದಾಗ ನಿರ್ಮಾಪಕರು ದಾರಿ ತಪ್ಪಿದರು. ಎನ್‌ಬಿಸಿಯ ‘ಟ್ವೆಂಟಿ ಒನ್’ನಲ್ಲಿ ವಾರಗಟ್ಟಲೆ ಗೆದ್ದು ಮನೆಮಾತಾಗಿದ್ದ ಚಾರ್ಲ್ಸ್ ವ್ಯಾನ್ ಡೊರೆನ್, ಉತ್ತರಗಳನ್ನು ಮೊದಲೇ ಪಡೆದಿದ್ದೆ ಎಂದು 1959ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. 1960ರಲ್ಲಿ ಇಂಥ ಮೋಸವನ್ನು ಕಾನೂನೇ ಅಪರಾಧವಾಗಿಸಿತು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ವರಮಾನ ಭಾರಿಯಾಗಿತ್ತು, ಆಡಿಟ್ ಇರಲಿಲ್ಲ.

ಈಗ ರಾತ್ರಿಯ ಲೆಕ್ಕ. 1998ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನ ಐಟಿವಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಅನ್ನು ಸಾಲಾಗಿ ರಾತ್ರಿಗಳಲ್ಲಿ ತೋರಿಸಿ ಗೆದ್ದಿತು. ಮರುವರ್ಷ ಆಗಸ್ಟ್‌ನಲ್ಲಿ ಎಬಿಸಿ ಅದನ್ನು ಇಲ್ಲಿಗೆ ತಂದು ಎರಡು ವಾರ ನಡೆಸಿ ನಿಲ್ಲಿಸಿತು. ನವೆಂಬರ್‌ನಲ್ಲಿ ಮತ್ತೆ ಎರಡು ವಾರ. ಹಬ್ಬದಂತೆ ಬಂದು ಹಬ್ಬದಂತೆ ಹೋಗುತ್ತಿದ್ದುದರಿಂದ ಜನ ಕಾದರು. 2000ದಲ್ಲಿ ಆಸೆ ಬೆಳೆಯಿತು: ಮೊದಲು ವಾರಕ್ಕೆ ಮೂರು ರಾತ್ರಿ, ಆಮೇಲೆ ನಾಲ್ಕು. 1999-2000ರ ಸಾಲಿನಲ್ಲಿ ದೇಶದ ಮೊದಲ ಮೂರು ಸ್ಥಾನವೂ ಇದೇ ಕಾರ್ಯಕ್ರಮದ ಮೂರು ರಾತ್ರಿಗಳದ್ದು. 2002ರ ಜೂನ್ ಮುಗಿಯುವ ಹೊತ್ತಿಗೆ ಆ ಮುಖ್ಯ ಸಮಯದಲ್ಲಿ ಕಾರ್ಯಕ್ರಮವೇ ಇರಲಿಲ್ಲ. ಹೋಳಿಗೆ ರುಚಿಯೇ, ಆದರೆ ದಿನಾ ಬಡಿಸಿದರೆ ಮಗ್ಗುಲಿಗೆ ಸರಿಸುತ್ತೇವೆ.

ಹಾಗಾದರೆ ಪ್ರತಿದಿನ ತೋರಿಸುವುದೇ ತಪ್ಪೇ? ಅಲ್ಲ. 1964ರಲ್ಲಿ ಹಗಲಿನ ಕಾರ್ಯಕ್ರಮವಾಗಿ ಹುಟ್ಟಿದ ‘ಜೆಪರ್ಡಿ’ 1984ರಿಂದ ವಾರದ ಐದೂ ದಿನ ಬರುತ್ತಿದೆ, ಇವತ್ತಿಗೂ ನಡೆದಿದೆ. ಅರ್ಧ ಗಂಟೆ, ಅವತ್ತಿನ ಆಟ ಅವತ್ತಿಗೇ ಮುಗಿಯುತ್ತದೆ. ಒಂದೇ ದಿನ ಐದು ಕಂತು ಚಿತ್ರೀಕರಿಸುವುದರಿಂದ ಖರ್ಚೂ ಹಿಡಿತದಲ್ಲಿರುತ್ತದೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಸತತ 74 ಆಟ ಗೆದ್ದರು. ವಾರಕ್ಕೊಂದಾಗಿದ್ದರೆ ಅಷ್ಟು ಗೆಲ್ಲಲು ಒಂದೂವರೆ ವರ್ಷವೇ ಬೇಕಾಗುತ್ತಿತ್ತು. ಇನ್ನೊಂದು ಸಾಕ್ಷಿ ‘ಮಿಲಿಯನೇರ್’ನದ್ದೇ: 2002ರ ಸೆಪ್ಟೆಂಬರ್‌ನಲ್ಲಿ ಅದು ಅರ್ಧ ಗಂಟೆಯ ದಿನನಿತ್ಯದ ಕಾರ್ಯಕ್ರಮವಾಗಿ ಮರಳಿ ಬಂದು 2019ರವರೆಗೆ ಬಾಳಿತು. ಹೋಳಿಗೆಯಾಗಿ ಮೂರು ವರ್ಷ, ಅನ್ನ-ಸಾರಾಗಿ ಹದಿನೇಳು ವರ್ಷ.

ಅತ್ತ ಬಿಬಿಸಿಯ ‘ಮಾಸ್ಟರ್‌ಮೈಂಡ್’ 1972ರಲ್ಲಿ ವಾರದ ಕಾರ್ಯಕ್ರಮವಾಗಿ ಆರಂಭವಾಯಿತು. ಅಲ್ಲಿ ಗೆದ್ದವರಿಗೆ ಸಿಗುವುದು ಗಾಜಿನ ಬಟ್ಟಲು, ಹಣವಲ್ಲ. ಅದೂ ಬಾಳಿದೆ. ಹಾಗಾಗಿ ನನ್ನ ತೀರ್ಮಾನ ಇದು: ದೊಡ್ಡ ಬಹುಮಾನದ ಕುತೂಹಲ ಸವೆಯುವ ಬಂಡವಾಳ. ಹೆಚ್ಚು ತೋರಿಸಿದಷ್ಟೂ ಬೇಗ ಕರಗುತ್ತದೆ. ತಿಳಿಯುವ ಖುಷಿ ಮಾತ್ರ ಬಡ್ಡಿ ತರುವ ಠೇವಣಿ. ಅದನ್ನು ದಿನಾ ಮುಟ್ಟಿದರೂ ಅಸಲು ಕರಗುವುದಿಲ್ಲ.

ಇದಕ್ಕೆ ನಮ್ಮದೇ ಪುರಾವೆಯಿದೆ. ದೂರದರ್ಶನ ಚಂದನದಲ್ಲಿ 2002ರ ಜನವರಿಯಲ್ಲಿ ‘ಥಟ್ ಅಂತ ಹೇಳಿ’ ಶುರುವಾಯಿತು. ಡಾ. ನಾ. ಸೋಮೇಶ್ವರ ಅವರು ರಾತ್ರಿಯಿಂದ ರಾತ್ರಿಗೆ ಅದನ್ನು ಮೂರು ಸಾವಿರ ಕಂತು ದಾಟಿಸಿದರು. ಬಹುಮಾನ ಕನ್ನಡ ಪುಸ್ತಕ. ಕೋಟಿ ರೂಪಾಯಿಯ ಕನ್ನಡ ಕ್ವಿಜ್ ಕೂಡ ಬಂತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯನ್ನು ನಾವೆಲ್ಲ ಪ್ರೀತಿಯಿಂದ ನೋಡಿದೆವು. ಅದು ಜಾತ್ರೆಯಂತೆ ಬಂದು ಹೋಯಿತು. ಪುಸ್ತಕ ಕೊಡುವ ಕ್ವಿಜ್ ಮನೆಯಲ್ಲೇ ಉಳಿಯಿತು. ಮೈಸೂರಿನಲ್ಲಿ ನನ್ನ ಅಪ್ಪ ಅದು ಮುಗಿಯುವ ತನಕ ನನ್ನ ಫೋನನ್ನೂ ಎತ್ತುತ್ತಿರಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ. ಒಂದು ವರ್ಷ ಮಕ್ಕಳ ಕನ್ನಡ ಕ್ವಿಜ್‌ನಲ್ಲಿ ನನ್ನ ಮಗಳಿಗೆ ಮೊದಲ ಬಹುಮಾನ ಬಂತು. ಎರಡು ವಾರ ಕೂಡಿಸಿ ಬಾಯಿಪಾಠ ಮಾಡಿಸಿದ್ದೆ. ಎಂಟು ಜ್ಞಾನಪೀಠಗಳ ಹೆಸರನ್ನು ಪಟಪಟನೆ ಹೇಳಿದಳು. ಮರುದಿನ ಫೋನಿನಲ್ಲಿ ಅಜ್ಜ “ಊಟ ಆಯ್ತಾ ಪುಟ್ಟಿ, ಏನ್ ತಿಂದೆ?” ಅಂದರೆ ನನ್ನ ಮುಖ ನೋಡಿದಳು. ಟ್ರೋಫಿ ಶೆಲ್ಫ್ ಮೇಲಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣುವಂತೆ ವರ್ಷದ ಕೊನೆಯ ವಾರದಲ್ಲಿ ಕೈಚಳಕ ತೋರಿಸುವ ಕಂಪನಿಗಳಂತೆ ನಾನೂ ಮಾಡಿದ್ದೆ.

ಆಮೇಲೆ ಅಪ್ಪ ಒಂದು ಉಪಾಯ ಮಾಡಿದರು. ದಿನಕ್ಕೊಂದು ಪ್ರಶ್ನೆ ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಾರೆ. ಒನಕೆ ಎಂದರೇನು, ಸೋದರತ್ತೆ ಯಾರು, ಇಂಥವು. ರಾತ್ರಿ ಊಟದ ಹೊತ್ತಿಗೆ ಅವಳು ಉತ್ತರ ಹೇಳಿ ಧ್ವನಿ ಕಳಿಸಬೇಕು. ಬಹುಮಾನವೇನೂ ಇಲ್ಲ. ಅಜ್ಜನ “ಭೇಷ್” ಒಂದೇ.

ಆದ್ದರಿಂದ ನನ್ನ ವಿನಂತಿ: ವರ್ಷದ ಈ ಹಬ್ಬ ಇರಲಿ, ವಾರದ ಕನ್ನಡ ತರಗತಿಯೂ ಇರಲಿ. ಆದರೆ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಕನ್ನಡದ ಒಂದೇ ಒಂದು ಪ್ರಶ್ನೆ ಕೇಳಿ. ಮೊನ್ನೆ ನನ್ನ ಮಗಳು ಅಜ್ಜನಿಗೇ ತಿರುಗಿ ಪ್ರಶ್ನೆ ಹಾಕಿದಳು, “ಅಜ್ಜಾ, ನಿಮ್ದು ಊಟ ಆಯ್ತಾ?” ಅಂತ. ಇಷ್ಟು ವರ್ಷ ಲೆಕ್ಕ ಬರೆದಿದ್ದೇನೆ, ಇಂಥ ಲಾಭ ಬೇರೆ ಕಂಡಿಲ್ಲ.